ಖಾಲಿ ಮೊಳೆಗೊಂದು ಮೀನಿನ ಫೋಟೊ

ಸಮುದ್ರವೇ ಇಲ್ಲದ ಊರಿನಲ್ಲಿ ಕೂತು ಸಮುದ್ರದ ಮೀನು ಹಿಡಿಸುವ ವ್ಯಾಪಾರ ಮಾಡಿದರೆ ಏನೇನು ಆಗಬೇಕೋ ಅದೆಲ್ಲ ನಮಗೆ ವಾರಕ್ಕೊಂದರಂತೆ ಆಗುತ್ತಲೇ ಇರುತ್ತದೆ. ಯಾಕೆ ಹೀಗಾಗುತ್ತದೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಮೊದಲು ನನ್ನ ವಿಷಯ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕಾನೂನು, ಅರ್ಜಿ, ಮೇಲ್ಮನವಿ ಎಲ್ಲ ಸಾರ್ವಜನಿಕ ಗ್ರಂಥಾಲಯದ ಬೆಂಚಿನ ಮೇಲೆ ನಾನೇ ಓದಿ ಕಲಿತದ್ದು. ಇಪ್ಪತ್ತೈದು ವರ್ಷದಿಂದ ಮೈಸೂರಿನ ಕಚೇರಿಗಳ ಮುಂದೆ ಧರಣಿ ಕೂತಿದ್ದೇನೆ. ಚರಂಡಿಗೆ ಕೂಗಿದ್ದೇನೆ, ಬೀದಿದೀಪಕ್ಕೆ ಕೂಗಿದ್ದೇನೆ, ಬಸ್ಸಿಗೆ ಕೂಗಿದ್ದೇನೆ. ಒಂದು ಬೇಡಿಕೆಯೂ ಈಡೇರಿಲ್ಲ. ಸಿಟ್ಟು ಉಳಿದಿದೆ, ಅಭ್ಯಾಸವೂ ಉಳಿದಿದೆ. ಯಾರಾದರೂ ಕ್ಯಾಮೆರಾ ಎತ್ತಿದರೆ ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟಿಕೊಂಡು ಮೇಲಕ್ಕೆ ಹೋಗುತ್ತದೆ. ನನ್ನ ತಂಗಿಯ ಮದುವೆಯ ಗುಂಪು ಫೋಟೊದಲ್ಲೂ ನಾನು ಹಾಗೇ ನಿಂತಿದ್ದೇನೆ. ಗಂಡಿನ ಕಡೆಯವರು ಗಾಬರಿಯಾಗಿದ್ದರು.

ಆ ತಂಗಿ ದೇವರಾಜ ಮೊಹಲ್ಲಾದಲ್ಲಿ ಒಂದು ಜೆರಾಕ್ಸ್ ಅಂಗಡಿ ಇಟ್ಟಿದ್ದಳು. ಅದನ್ನು ಮುಚ್ಚಿಸಿದ್ದು ನಾನು. ಕಟ್ಟಡದ ಮಾಲೀಕ ಬಾಡಿಗೆದಾರರಿಗೆ ನೀರು ಬಿಡುತ್ತಿರಲಿಲ್ಲ. ನಾನು ನಲವತ್ತು ದಿನ ಧರಣಿ ಕೂತೆ. ನಮ್ಮ ಶಾಮಿಯಾನ ಸರಿಯಾಗಿ ಅವಳ ಅಂಗಡಿಯ ಬಾಗಿಲಿಗೇ ಅಡ್ಡ ಇತ್ತು. ಮಾಲೀಕನಿಗೆ ಏನೂ ಆಗಲಿಲ್ಲ. ಅವಳ ಗಿರಾಕಿಗಳು ಬೇರೆ ಬೀದಿಗೆ ಹೋದರು.

ಎರಡು ವರ್ಷ ಅವಳು ನನ್ನ ಜತೆ ಮಾತು ಬಿಟ್ಟಿದ್ದಳು. ಆಮೇಲೆ ಯಾದವಗಿರಿಯ ಒಂದು ಬಂಗಲೆಯ ಔಟ್‌ಹೌಸಿನಲ್ಲಿ ಕೋಣೆ ಹಿಡಿದು ಈ ಹೊಸ ಕೆಲಸ ಶುರುಮಾಡಿದಳು. ಕರಾವಳಿಯ ಒಬ್ಬ ದೋಣಿ ಮಾಲೀಕರು ಅವಳಿಗೆ ಮೈಸೂರಿನಿಂದ ಗಿರಾಕಿಗಳನ್ನು ಕಳಿಸುವ ಏಜೆನ್ಸಿ ಕೊಟ್ಟರು. ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ನಡುಸಮುದ್ರದಲ್ಲಿ ಸುತ್ತಿ, ಮನುಷ್ಯನಷ್ಟು ಉದ್ದದ ಮೀನುಗಳಿಗೆ ಗಾಳ ಹಾಕುವುದು. ಒಂದೇ ಷರತ್ತು: ಮಳೆಗಾಲಕ್ಕೆ ದೋಣಿ ನಿಲ್ಲಿಸುವುದರೊಳಗೆ ಮೈಸೂರಿನವರೊಬ್ಬರು ದೊಡ್ಡ ಮೀನು ಹಿಡಿದಿರುವ ಫೋಟೊ ಬೇಕು. ಇಲ್ಲದಿದ್ದರೆ ಏಜೆನ್ಸಿ ಬೇರೆ ಊರಿಗೆ.

ತಂಗಿ ಮೇಜಿನ ಹಿಂದಿನ ಗೋಡೆಗೆ ಒಂದು ಮೊಳೆ ಹೊಡೆದಳು. ನನ್ನನ್ನು ಕರೆದು, "ಅಣ್ಣ, ಜನಾನ ಕರ್ಕೊಂಡ್ಹೋಗಿ ಒಂದು ಫೋಟೊ ತಗೊಂಡು ಬಾ. ಯಾರ ಮೇಲೂ ಕೂಗಾಡ್ಬೇಡ. ಅಷ್ಟೇ ನಿನ್ನ ಕೆಲಸ" ಅಂದಳು.

ಇದ್ದದ್ದು ಇದ್ದ ಹಾಗೆ

ಮೊದಲ ಗಿರಾಕಿ ಯಾದವಗಿರಿಯವರೇ. ನಿವೃತ್ತ ಅಧಿಕಾರಿ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಬಟ್ಟೆಯ ಚೀಲ. ತಂಗಿ ಕಾಫಿ ತರಲು ಹೋಗಿದ್ದಳು. ನಾನೊಬ್ಬನೇ ಇದ್ದೆ.

"ಮೀನು ಸಿಕ್ಕೇ ಸಿಗುತ್ತಾ?" ಅಂತ ಕೇಳಿದರು.

ಸುಳ್ಳು ಜಾಹೀರಾತಿನ ವಿರುದ್ಧ ಕರಪತ್ರ ಹಂಚಿದವನು ನಾನು. "ಗ್ಯಾರಂಟಿ ಇಲ್ಲ. ಬಿಸಿಲು ಜಾಸ್ತಿ. ವಾಂತಿ ಆಗುತ್ತೆ. ಅಪರೂಪಕ್ಕೆ ಸಿಕ್ಕಿದ್ರೂ ದೊಡ್ಡ ಮೀನನ್ನ ವಾಪಸ್ ನೀರಿಗೆ ಬಿಡ್ಬೇಕು" ಅಂದೆ.

"ಅಂದ್ರೆ ದುಡ್ಡು ಕೊಟ್ಟು, ಘಾಟಿ ಇಳಿದು, ವಾಂತಿ ಮಾಡ್ಕೊಂಡು, ಬರಿಗೈಲಿ ಬರ್ಬೇಕು."

"ಹೌದು ಸಾರ್."

ಅಷ್ಟರಲ್ಲಿ ತಂಗಿ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿ ನಾನು ನೆಲ ನೋಡಿದೆ.

ಅವರು ಚೀಲ ಮೇಜಿನ ಮೇಲಿಟ್ಟರು. "ನಮ್ಮನೇಲಿ ಮೊಟ್ಟೆನೂ ತರಲ್ಲ ಕಣ್ರೀ. ಮೀನು ನನಗೆ ಬೇಡ. ಆದ್ರೆ ಮೂವತ್ತು ವರ್ಷ ಸರ್ವೀಸಲ್ಲಿ ಎಲ್ಲರೂ ನನ್ನ ಎಳೆದಾಡವ್ರೆ. ಸಾಯೋದ್ರೊಳಗೆ ನಾನೂ ಯಾರನ್ನಾದ್ರೂ ಎಳೀಬೇಕು. ನನಗೂ ನಮ್ಮನೆಯವ್ರಿಗೂ ಎರಡು ಸೀಟು ಬರ್ಕೊಳ್ಳಿ. ಮೊಮ್ಮಕ್ಕಳು ರಜ ಮುಗಿಸ್ಕೊಂಡು ಹೋಗ್ಲಿ, ಮೇ ಕೊನೆಗೆ ಬರ್ತೀವಿ."

ಅವರು ಹೋದ ಮೇಲೆ ತಂಗಿ ಬೋರ್ಡು ಬರೆಯುವವನಿಗೆ ಫೋನು ಮಾಡಿ, ಹೊಸ ಬೋರ್ಡಿನಲ್ಲಿ 'ವಾಂತಿ ಆಗುತ್ತದೆ' ಅಂತಲೂ ದೊಡ್ಡದಾಗಿ ಬರೆಯಲು ಹೇಳಿದಳು.

ಶನಿವಾರದ ಮೀನು

ಎರಡನೇ ತಂಡ ದೇವರಾಜ ಮೊಹಲ್ಲಾದ ನಾಲ್ಕು ಜನ ವ್ಯಾಪಾರಿಗಳು. ಎಲ್ಲ ಹಳ್ಳಿಯ ಕಡೆಯಿಂದ ಬಂದು ಅಂಗಡಿ ಹಾಕಿದವರು. ಮೀನು ಅಂದರೆ ಪ್ರಾಣ. ದೊಡ್ಡದನ್ನು ಬಿಟ್ಟರೂ ಸಣ್ಣ ಮೀನನ್ನು ಮನೆಗೆ ಒಯ್ಯಬಹುದಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಾರು ಹುಳಿಯಾಗಿರಬೇಕೋ ಖಾರವಾಗಿರಬೇಕೋ ಅಂತ ಜಗಳ. ಇವರಿಂದ ನನ್ನ ಮೊಳೆಗೆ ಗತಿ ಕಾಣುತ್ತದೆ ಅಂದುಕೊಂಡೆ.

ದೋಣಿ ನಡೆಸುವವರನ್ನು ಅಲ್ಲಿ ತಾಂಡೇಲ ಅನ್ನುತ್ತಾರೆ. ನಮ್ಮ ತಾಂಡೇಲರು ವಯಸ್ಸಾದವರು, ಮಾತು ಕಡಿಮೆ. ದೋಣಿಯ ಹಿಂಭಾಗದಲ್ಲಿ ನಾಲ್ಕು ಗಾಳದ ಕೋಲು ಸಿಗಿಸಿ, ರೀಲಿಗೆ ಸುತ್ತಿದ ದಾರ ನೀರಿಗೆ ಬಿಟ್ಟು, ದೋಣಿ ಓಡಿಸುತ್ತಲೇ ಇದ್ದರು. ಹತ್ತು ಗಂಟೆಗೆ ಒಂದು ಕೋಲು ಬಾಗಿತು. ರೀಲು ಕಿರುಚಿತು.

ನಾಲ್ಕು ಜನರೂ ಕೈ ಹಿಂದಕ್ಕೆ ಕಟ್ಟಿಕೊಂಡರು.

"ಎಂಥದು ಮಾರಾಯ್ರೆ, ಕೋಲು ಹಿಡೀರಿ" ಅಂದರು ತಾಂಡೇಲರು.

"ಇವತ್ತು ಶನಿವಾರ ಕಣ್ರೀ" ಅಂದರು ಪಾತ್ರೆ ಅಂಗಡಿಯವರು. "ಶನಿವಾರ ನಾವು ಮುಟ್ಟಲ್ಲ."

ನನಗೆ ತಲೆ ಕೆಟ್ಟಿತು. "ಮತ್ತೆ ಶನಿವಾರ ಯಾಕ್ರೀ ಬಂದ್ರಿ?"

"ಶನಿವಾರ ಬಂದ್ರೆ ತಾನೆ ಭಾನುವಾರ ಮನೇಲಿ ಸಾರು ಆಗೋದು."

ಹೂವಿನ ವ್ಯಾಪಾರಿಗೆ ಆಸೆ ತಡೆಯಲಿಲ್ಲ. "ತಿಂದ್ರೆ ತಪ್ಪು. ಎಳದ್ರೆ ಏನು?" ಅಂದರು. "ಎಳಿಯೋದೂ ಮುಟ್ಟಿದಂಗೇಯ" ಅಂದರು ಇನ್ನೊಬ್ಬರು. "ಕೋಲು ಮುಟ್ಟಿದ್ರೆ ದಾರ ಮುಟ್ಟಿದಂಗೆ, ದಾರ ಮುಟ್ಟಿದ್ರೆ ಮೀನು ಮುಟ್ಟಿದಂಗೆ." ಕೊನೆಗೆ ಪಾತ್ರೆ ಅಂಗಡಿಯವರು ಎಲ್ಲರಿಗೂ ಒಪ್ಪಿಗೆಯಾಗುವ ತೀರ್ಮಾನ ಹೇಳಿದರು. "ಅದನ್ನ ಅಂಗೇ ನೀರಲ್ಲೇ ಕಟ್ಟಾಕಿರಿ. ನಾಳೆ ಬೆಳಿಗ್ಗೆ ಸ್ನಾನ ಮಾಡ್ಕೊಂಡು ಬಂದು ಎಳ್ಕೋತೀವಿ."

ದಾರ ಸಡಿಲವಾಯಿತು. ಮೀನು ಹೋಯಿತು.

ತಾಂಡೇಲರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನಿಮ್ಮ ಮೈಸೂರಿನಲ್ಲಿ ಮೀನುಗಳು ಹೇಳಿದ ಮಾತು ಕೇಳ್ತವಾ?"

ನಮಸ್ಕಾರ

ಗೋಕುಲಂನಲ್ಲಿ ಮೂರು ವರ್ಷದಿಂದ ಯೋಗ ಕಲಿಯುತ್ತಿರುವ ಒಬ್ಬ ವಿದೇಶಿ ಹೆಂಗಸು ಬಂದರು. ಮೂರು ವರ್ಷ ಇಲ್ಲಿದ್ದರೆ ಮೈಸೂರಿನವರೇ ಅಂತ ದೋಣಿ ಮಾಲೀಕರ ಹತ್ತಿರ ಫೋನಿನಲ್ಲಿ ವಾದ ಮಾಡಿ ಒಪ್ಪಿಸಿದೆ. ಅಷ್ಟರ ಮಟ್ಟಿಗೆ ನನ್ನ ಕಾನೂನು ಓದು ಉಪಯೋಗಕ್ಕೆ ಬಂತು.

ಅವರಿಗೆ ವಾಂತಿ ಬರಲಿಲ್ಲ. ಅಲೆಗೆ ದೋಣಿ ಎದ್ದು ಬೀಳುವಾಗ ಚಕ್ಕಳಮಕ್ಕಳ ಹಾಕಿ ಕೂತು ಉಸಿರು ಎಳೆದುಕೊಳ್ಳುತ್ತಿದ್ದರು. ಬಕೆಟ್ ಹಿಡಿದು ಕೂತಿದ್ದವನು ನಾನು. ಮಧ್ಯಾಹ್ನ ಅವರ ಕೋಲಿಗೆ ಭಾರಿ ಮೀನು ಸಿಕ್ಕಿತು. ಅರ್ಧ ಗಂಟೆ ಎಳೆದು ದೋಣಿಯ ಪಕ್ಕಕ್ಕೆ ತಂದರು. ನಾನು ಬಕೆಟ್ ಕೆಳಗಿಟ್ಟು ಜೇಬಿಗೆ ಕೈ ಹಾಕುವಷ್ಟರಲ್ಲಿ ಅವರೇ ಬಗ್ಗಿ ಕೊಕ್ಕೆ ಬಿಡಿಸಿ ಅದನ್ನು ಬಿಟ್ಟುಬಿಟ್ಟರು.

"ಏನಮ್ಮ ಇದು, ಫೋಟೊ ಆಗಿಲ್ಲ" ಅಂದೆ.

"ಪಾಪ, ಮನೆಗೆ ಹೋಗ್ಲಿ ಬಿಡಿ" ಅಂದರು, ನಮ್ಮ ಹಾಗೇ ಕನ್ನಡದಲ್ಲಿ. ಆಮೇಲೆ ನೀರಿನ ಕಡೆ ತಿರುಗಿ ಕೈ ಮುಗಿದರು. ನಾನು ತೆಗೆದದ್ದು ಆ ಫೋಟೊ.

ಹಿಡಿಯುವುದು ಯಾಕೆ, ಬಿಡುವುದು ಯಾಕೆ, ಬಿಟ್ಟ ಮೇಲೆ ಕೈ ಮುಗಿಯುವುದು ಯಾಕೆ? ಮೈಸೂರು ಬರುವವರೆಗೂ ಯೋಚಿಸಿದೆ, ತಿಳಿಯಲಿಲ್ಲ. ದೋಣಿ ಮಾಲೀಕರು, "ಇದರಲ್ಲಿ ಮೀನು ಇಲ್ಲ, ಆಗುವುದಿಲ್ಲ" ಅಂದರು. ತಂಗಿ ಸಿಟ್ಟಿನಲ್ಲಿ ಅದನ್ನು ಕಿಟಕಿಗೆ ಅಂಟಿಸಿದಳು. ಅದನ್ನು ನೋಡಿ ಒಂದೇ ವಾರದಲ್ಲಿ ಮೂರು ಜನ ಬಂದು, ದೋಣಿಯ ಮೇಲೆ ಯೋಗದ ಕ್ಲಾಸು ಎಷ್ಟು ಹೊತ್ತಿಗೆ ಅಂತ ಕೇಳಿದರು.

ನಡುನೀರಿನ ಧರಣಿ

ಇದು ನಾನೇ ಮಾಡಿದ ತಪ್ಪು. ಮುಚ್ಚಿಡುವುದಿಲ್ಲ.

ಮೇ ತಿಂಗಳ ಎರಡನೇ ವಾರ. ಐದು ಜನರ ತಂಡ. ಮಧ್ಯಾಹ್ನದವರೆಗೆ ಏನೂ ಇಲ್ಲ. ದೂರದಲ್ಲಿ ಹಕ್ಕಿಗಳು ನೀರಿಗೆ ಮುಗಿಬೀಳುತ್ತಿದ್ದವು. ಅಲ್ಲಿಗೆ ಹೋಗಿ ನಿಲ್ಲಿಸಿ ಅಂತ ತಾಂಡೇಲರಿಗೆ ಹೇಳಿದೆ. "ಪಕ್ಕದಲ್ಲಿ ಹೋದರೆ ಸಾಕು, ನಿಲ್ಲಿಸಬಾರದು" ಅಂದರು. ಕಾರಣ ಕೇಳಿದೆ. "ಕಾರಣ ಮೀನಿಗೆ ಗೊತ್ತುಂಟು" ಅಂದರು.

ಕಾರಣ ಕೊಡದ ಅಧಿಕಾರಿಯನ್ನು ನಾನು ಭೂಮಿಯ ಮೇಲೆಯೇ ಸಹಿಸಿದವನಲ್ಲ. ಐದು ಜನರನ್ನೂ ಕೂಡಿಸಿ ಭಾಷಣ ಮಾಡಿದೆ. ದೋಣಿಯ ಹಿಂಭಾಗದಲ್ಲಿ ಸಾಲಾಗಿ ಧರಣಿ ಕೂತೆವು. ಉತ್ತರ ಕೊಡುವವರೆಗೂ ಏಳುವುದಿಲ್ಲ ಅಂತ ಘೋಷಣೆ ಹಾಕಿದೆವು.

ಆಗ ಬೆನ್ನ ಹಿಂದೆ ರೀಲು ಕಿರುಚಿತು. ನಾವು ಆರು ಜನ ಒಬ್ಬರ ತೋಳಿಗೊಬ್ಬರು ತೋಳು ಸಿಗಿಸಿ ಕೂತಿದ್ದು ಸರಿಯಾಗಿ ಗಾಳದ ಕೋಲುಗಳಿಗೆ ಅಡ್ಡವಾಗಿ. ತಾಂಡೇಲರು ನಮ್ಮನ್ನು ದಾಟಿ ಬರಲು ನೋಡಿದರು. ಅಭ್ಯಾಸಬಲದಿಂದ ನಾನು ಬಿಡಲಿಲ್ಲ, ನನ್ನನ್ನು ನೋಡಿ ಅವರೂ ಬಿಡಲಿಲ್ಲ. ತೋಳು ಬಿಡಿಸಿಕೊಂಡು ತಿರುಗುವಷ್ಟರಲ್ಲಿ ಕೋಲು ಸಮೇತ ಮೀನು ಹೋಗಿತ್ತು.

ಮೈಸೂರಿಗೆ ಬಂದು ತಂಗಿಗೆ ಹೇಳಿದೆ. ಅವಳು ಬಯ್ಯಲಿಲ್ಲ. ಗೋಡೆಯ ಮೊಳೆಯನ್ನೇ ನೋಡುತ್ತಾ ಕೂತಳು. ಆಮೇಲೆ, "ಅಣ್ಣ, ಈ ಸಲ ಶಾಮಿಯಾನನೂ ಬೇಕಾಗ್ಲಿಲ್ವಲ್ಲ ನಿನಗೆ" ಅಂದಳು.

ಅವತ್ತು ಮನೆಗೆ ನಡೆದೇ ಹೋದೆ. ಅವಳು ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

ಕೊನೆಯ ದಿನ

ಮಳೆಗಾಲಕ್ಕೆ ದೋಣಿ ನಿಲ್ಲಿಸುವ ಮುಂಚಿನ ಕೊನೆಯ ಪ್ರಯಾಣ. ಮೊಮ್ಮಕ್ಕಳನ್ನು ಕಳಿಸಿ ಯಾದವಗಿರಿಯ ನಿವೃತ್ತ ಅಧಿಕಾರಿ ಹೆಂಡತಿಯ ಜತೆ ಬಂದಿದ್ದರು. ಅಮ್ಮನವರು ಐದು ಡಬ್ಬಿ ಬುತ್ತಿ ಕಟ್ಟಿದ್ದರು, ಪುಳಿಯೋಗರೆಯಿಂದ ಹಿಡಿದು ಚಕ್ಕುಲಿಯವರೆಗೆ. ನಾನು ಒಂದು ಮಾತೂ ಆಡಬಾರದು ಅಂತ ತಂಗಿ ಆಣೆ ಮಾಡಿಸಿಕೊಂಡಿದ್ದಳು.

ಎರಡು ಗಂಟೆಗೆ ಕೋಲು ಬಾಗಿತು. ದೂರದಲ್ಲಿ ಮೀನು ನೀರಿನಿಂದ ಪೂರ್ತಿ ಮೇಲೆದ್ದು ಬಿತ್ತು. ಈಟಿಯಂಥ ಮೂತಿ. ಬೆನ್ನ ಮೇಲೆ ಬಿಚ್ಚಿದ ಛತ್ರಿಯಂಥ ನೀಲಿ ರೆಕ್ಕೆ. ಅಷ್ಟು ಚಂದದ್ದನ್ನು ನಾನು ಯಾವ ಕಚೇರಿಯ ಮುಂದೆಯೂ ನೋಡಿಲ್ಲ.

ಸಾಹೇಬರು ಕೋಲು ಹಿಡಿದರು. ನಾನು ಅವರ ಸೊಂಟ ಹಿಡಿದೆ. ಒಂದು ಗಂಟೆ ಎಳೆದರು. ಅಮ್ಮನವರು ಪಕ್ಕದಲ್ಲಿ ನಿಂತು ಅವರ ಬಾಯಿಗೆ ಮಜ್ಜಿಗೆ ಹಾಕುತ್ತಾ, "ಸಾಕು ಬಿಡಿ ಅಂದ್ರೆ. ಬಿಪಿ ಮಾತ್ರೆ ತಗೊಂಡಿಲ್ಲ ನೀವು" ಅನ್ನುತ್ತಿದ್ದರು. ಸಾಹೇಬರು, "ಸುಮ್ನಿರೆ, ಮೂವತ್ತು ವರ್ಷದ್ದು ಇವತ್ತು ತೀರ್ತಾ ಇದೆ" ಅಂದರು.

ಮೀನು ದೋಣಿಯ ಪಕ್ಕಕ್ಕೆ ಬಂತು. ತಾಂಡೇಲರು ಅದರ ಮೂತಿ ಹಿಡಿದುಕೊಂಡು ಕೊಕ್ಕೆ ಬಿಡಿಸಿದರು. "ಈ ಜಾತಿ ಮೀನನ್ನು ನಾವು ಮೇಲೆ ತರುವುದಿಲ್ಲ. ಮೂತಿ ಹಿಡ್ಕೊಳ್ಳಿ, ನಗಿ, ಫೋಟೊ ತೆಗೆದು ಬಿಡುವ" ಅಂದರು.

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. "ಎಳೆದಿದ್ದು ಆಯ್ತು. ಮುಟ್ಟೋದು ಆಗಲ್ಲ. ಮನೆ ಪದ್ಧತಿ."

ನಾನು ಅಮ್ಮನವರನ್ನು ನೋಡಿದೆ. "ನನ್ನ ಯಾಕಪ್ಪ ನೋಡ್ತೀಯ? ಚಕ್ಕುಲಿ ಮುಟ್ಟಿದ ಕೈ ಇದು" ಅಂದರು.

ತಾಂಡೇಲರು ಮೈಸೂರಿನವರಲ್ಲ. ಉಳಿದವನು ನಾನೊಬ್ಬನೇ. ಕೈಗವಸು ಹಾಕಿಕೊಂಡು ಬಗ್ಗಿ ಎರಡು ಕೈಯಲ್ಲೂ ಆ ಮೂತಿ ಹಿಡಿದೆ. ಮೀನಿನ ಕಣ್ಣು ನನ್ನ ಕಣ್ಣನ್ನೇ ನೋಡುತ್ತಿತ್ತು. ತಂಗಿಯ ಮೊಳೆ ನೆನಪಾಯಿತು. ಇವತ್ತು ಮಾತಾಡುವುದಿಲ್ಲ, ಕೂಗುವುದಿಲ್ಲ, ಬರೀ ನಗುತ್ತೇನೆ ಅಂದುಕೊಂಡೆ. ನಗಲು ಬಾಯಿ ತೆರೆದೆ.

ಸಾಹೇಬರು ಮೊಬೈಲು ಎತ್ತಿದರು.

ನನ್ನ ಬಲಗೈ ಮುಷ್ಟಿ ಕಟ್ಟಿಕೊಂಡು ಮೇಲಕ್ಕೆ ಹೋಯಿತು. ಬಾಯಿಂದ ಘೋಷಣೆಯೂ ಬಂತು. "ಬೇಕೇ ಬೇಕು" ಅಂತ ಕೂಗಿದೆ. ಆ ಒಂದು ಗಳಿಗೆಯಲ್ಲಿ ಎಡಗೈಯಿಂದ ಮೀನು ಜಾರಿತು, ಬಾಲ ಬಡಿದು ನೀರಿನಿಂದ ಮೇಲೆದ್ದಿತು, ಮುಳುಗಿತು.

ನಾನು ಕೈ ಇಳಿಸುವುದನ್ನೂ ಮರೆತು ನಿಂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಸಾಹೇಬರು ಮೊಬೈಲು ನೋಡಿ, "ಬಂದಿದೆ ಕಣ್ರೀ" ಅಂದರು. ಬಂದಿತ್ತು. ಎಡಗಡೆ ನಾನು, ಬಾಯಿ ತೆರೆದು ಮುಷ್ಟಿ ಎತ್ತಿದವನು. ಬಲಗಡೆ ಮೀನು, ರೆಕ್ಕೆ ಬಿಚ್ಚಿ ಗಾಳಿಯಲ್ಲಿ. ಇಬ್ಬರೂ ಒಂದೇ ಮೆರವಣಿಗೆಯಲ್ಲಿ ಇದ್ದ ಹಾಗೆ ಕಾಣುತ್ತಿತ್ತು.

ದೋಣಿ ಮಾಲೀಕರು ಅದನ್ನು ತುಂಬಾ ಹೊತ್ತು ನೋಡಿ, ಮೀನು ಇದೆ, ಮೈಸೂರಿನವರೂ ಇದ್ದಾರೆ, ಷರತ್ತಿಗೆ ಇಷ್ಟು ಸಾಕು ಅಂದರಂತೆ. ಏಜೆನ್ಸಿ ಉಳಿಯಿತು. ತಂಗಿ ಫೋಟೊಗೆ ಕಟ್ಟು ಹಾಕಿಸಿ ಆ ಮೊಳೆಗೆ ನೇತುಹಾಕಿದಳು. ಈಗ ಬರುವ ಗಿರಾಕಿಗಳು ಕುರ್ಚಿಯಲ್ಲಿ ಕೂರುವ ಮೊದಲೇ ಅದನ್ನು ತೋರಿಸಿ, ಏನಮ್ಮ ಇದು ಅಂತ ಕೇಳುತ್ತಾರೆ.

"ಅವ್ರು ನಮ್ಮಣ್ಣ" ಅನ್ನುತ್ತಾಳೆ. "ಇಪ್ಪತ್ತೈದು ವರ್ಷದಿಂದ ಕೂಗ್ತಾ ಅವ್ರೆ. ಬೇಡಿಕೆ ಈಡೇರಿರೋದು ಇದೊಂದೇ ಸಲ. ಅದೂ ಮೀನಿಂದು."