ಅಧ್ಯಕ್ಷರ ಮನೆಯ ನೀಲಿ ಬಾಟ್ಲಿ

ಪ್ರೇಬೆನ್: ಆ ಬಾಟ್ಲೀನ ಕಿಟಕಿಯಿಂದ ತೆಗಿ ಅಂತ ಬೆಳಗ್ಗೆಯಿಂದ ಬಡ್ಕೋತಾ ಇದ್ದೀನಿ.

ವಿಬೆಕೆ: ಅದು ಅಲ್ಲೇ ಇರುತ್ತೆ. ಅಲ್ಲಿದ್ರೇನೇ ನನ್ನ ಕೈಗೆ ಸಿಗೋದು.

ಪ್ರೇಬೆನ್: ನಿನ್ನ ಕೈಗೆ ಸಿಗೋದಿರಲಿ, ರಸ್ತೇಲಿ ಹೋಗೋರ ಕಣ್ಣಿಗೆ ಸಿಗುತ್ತಲ್ಲ. 'ನಲ್ಲಿ ನೀರಿನ ಕ್ಲೋರಿನ್ ತೆಗೆಯುತ್ತದೆ' ಅಂತ ಇಷ್ಟಿಷ್ಟು ದಪ್ಪ ಅಕ್ಷರ. ಯಾರ ಮನೆ ಕಿಟಕೀಲಿ? ನೀರು ಸಂಘದ ಅಧ್ಯಕ್ಷನ ಮನೆ ಕಿಟಕೀಲಿ.

ವಿಬೆಕೆ: ಕಿಟಕಿ ನನ್ನದೂ ಹೌದು. ನಾನು ಯಾವ ಸಂಘದ ಅಧ್ಯಕ್ಷಳೂ ಅಲ್ಲ.

ಡೆನ್ಮಾರ್ಕಿನ ಟೋರ್ಲುಂಡ್ ಎಂಬ ಪುಟ್ಟ ಊರಿನಲ್ಲಿ ಕೊಳವೆಬಾವಿ, ಪಂಪ್‌ಹೌಸ್, ನೆಲದಡಿಯ ಪೈಪು ಎಲ್ಲವೂ ಊರವರದೇ. ಅದನ್ನು ನೋಡಿಕೊಳ್ಳಲು ಅವರದೇ ಒಂದು ಸಂಘ. ಪ್ರತಿ ವಸಂತದಲ್ಲಿ ಊರಿನ ಸಭಾಭವನದಲ್ಲಿ ಸೇರಿ, ಕೈ ಎತ್ತಿ ಅಧ್ಯಕ್ಷರನ್ನು ಆರಿಸಿ, ಆಮೇಲೆ ಕಾಫಿ ಕುಡಿದು ಬೆಣ್ಣೆ ಬನ್ ತಿಂದು ಮನೆಗೆ ಹೋಗುತ್ತಾರೆ. ಪ್ರೇಬೆನ್ ಥೂಯೆಸೆನ್ ಎಷ್ಟು ವರ್ಷದಿಂದ ಅಧ್ಯಕ್ಷನೆಂದರೆ, ಹೆಸರು ಓದುವ ಮೊದಲೇ ಜನರ ಕೈ ಮೇಲೇಳುತ್ತಿತ್ತು. ಆದರೆ ಈ ಸಲ ಪಕ್ಕದ ಮನೆಯ ಎಸ್ಕಿಲ್, ಬಸ್ ಓಡಿಸಿ ನಿವೃತ್ತನಾದವನು, ತಾನೂ ನಿಲ್ಲುತ್ತೇನೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಸಭೆ ಇವತ್ತು ಸಂಜೆ.

ವಿಬೆಕೆಯ ಚಿಂತೆ ಬೇರೆ. ಅವಳ ಗಾಜಿನ ತೊಟ್ಟಿಯಲ್ಲಿ ಒಂದು ಜೋಡಿ ಏಂಜಲ್ ಮೀನುಗಳಿದ್ದವು. ಚಳಿಗಾಲವೆಲ್ಲ ಮೊಟ್ಟೆ ಇಟ್ಟು, ಇಟ್ಟಷ್ಟನ್ನೂ ತಾವೇ ತಿಂದು ಮುಗಿಸಿದ್ದ ಆ ದಂಪತಿಗೆ ಈಗ ಏನು ಬುದ್ಧಿ ಬಂತೋ, ನೀರೊಳಗಿನ ಗಿಡದ ಒಂದು ಎಲೆಯ ಮೇಲೆ ಮರಿಗಳನ್ನು ಉಳಿಸಿಕೊಂಡಿದ್ದವು. ಎಳ್ಳು ಚೆಲ್ಲಿದ ಹಾಗೆ, ಬಾಲ ಅಲ್ಲಾಡಿಸುತ್ತ. ಇವತ್ತು ಶನಿವಾರ, ನೀರು ಬದಲಿಸುವ ದಿನ. ಅವಳು ಹಳೆ ನೀರನ್ನು ಸ್ವಲ್ಪ ಕೊಳವೆಯಲ್ಲಿ ಎಳೆದು ತೆಗೆದು, ಬಕೆಟ್ಟಿಗೆ ನಲ್ಲಿ ನೀರು ಹಿಡಿಯುತ್ತಿದ್ದಳು.

ಪ್ರೇಬೆನ್: ಈ ದೇಶದಲ್ಲಿ ನಲ್ಲಿ ನೀರಿಗೆ ಕ್ಲೋರಿನ್ನೇ ಹಾಕಲ್ಲ ಕಣೇ. ನೆಲದಿಂದ ಎತ್ತು, ಗಾಳಿ ಆಡಿಸು, ಮರಳಲ್ಲಿ ಸೋಸು, ಕುಡಿ. ಇಲ್ಲದ ಕ್ಲೋರಿನ್ ತೆಗೆಯೋಕೆ ನೀನು ಔಷಧಿ ಹಾಕ್ತೀಯ.

ವಿಬೆಕೆ: ನೀನು ಸೈಕಲ್ ಹತ್ತೋವಾಗ ಹೆಲ್ಮೆಟ್ ಹಾಕ್ಕೋತೀಯಲ್ಲ, ಬೀಳಬೇಕು ಅಂತ ಹಾಕ್ಕೋತೀಯಾ?

ಪ್ರೇಬೆನ್: ಅದು ಕಾರಿನವರ ಮೇಲೆ ನಂಬಿಕೆ ಇಲ್ಲದ್ದಕ್ಕೆ.

ವಿಬೆಕೆ: ನೋಡಿದ್ಯಾ.

ಪ್ರೇಬೆನ್: ಏನು ನೋಡೋದು? ಹಾಗಾದ್ರೆ ನಿನಗೆ ನಂಬಿಕೆ ಇಲ್ಲದ್ದು ಯಾರ ಮೇಲೆ? ನೀರಿನ ಮೇಲಾ, ನನ್ನ ಮೇಲಾ?

ವಿಬೆಕೆ ಮೂಗು ಒರೆಸಿಕೊಂಡಳು. ವಾರದಿಂದ ನೆಗಡಿ, ಬನ್ ಸೀದರೂ ವಾಸನೆ ಗೊತ್ತಾಗದಂಥ ನೆಗಡಿ. ಬಗ್ಗಿ ಮರಿಗಳನ್ನು ನೋಡಿದಳು. ಅಷ್ಟರಲ್ಲಿ ಹಿಂಬಾಗಿಲು ತೆರೆದು, ಕಾಫಿ ಫ್ಲಾಸ್ಕುಗಳನ್ನು ಸಭಾಭವನಕ್ಕೆ ಹೊತ್ತೊಯ್ಯಲು ಎಸ್ಕಿಲ್ ಒಳಗೆ ಬಂದ. ಬಂದವನ ಕಣ್ಣು ಫ್ಲಾಸ್ಕಿನ ಮೇಲೆ ಬೀಳಲಿಲ್ಲ.

ಎಸ್ಕಿಲ್: ಅಧ್ಯಕ್ಷರೇ, ಇದೇನು ಬಾಟ್ಲಿ?

ಪ್ರೇಬೆನ್: ಮೀನಿಂದು. ಹಳೇದು. ಎಸೀಬೇಕು ಅಂತ ಇಟ್ಟಿದ್ದೀವಿ.

ವಿಬೆಕೆ: ಹೋದ ವಾರ ತಂದದ್ದು.

ಎಸ್ಕಿಲ್: ಊರಿಗೆಲ್ಲ ಕುಡೀರಿ ಅಂತೀರ, ನಿಮ್ಮ ಮನೆ ಮೀನಿಗೆ ಮಾತ್ರ ಶುದ್ಧಿ ಮಾಡಿ ಕೊಡ್ತೀರ. ನಾನು ಮೀನಾಗಿ ಹುಟ್ಟಬೇಕಿತ್ತು.

ಪ್ರೇಬೆನ್: ಅದು ಇವಳ ಹುಚ್ಚು ಕಣಯ್ಯಾ. ನಮ್ಮ ನೀರಲ್ಲಿ ತೆಗೆಯೋಕೆ ಏನೂ ಇಲ್ಲ.

ಎಸ್ಕಿಲ್: ಅದ್ಸರಿ. ಆದ್ರೆ ಎರಡು ದಿನದಿಂದ ನನ್ನ ಕಾಫಿ ಯಾಕೋ ಈಜುಕೊಳದಿಂದ ಎತ್ತಿದ ಹಾಗಿದೆ.

ಪ್ರೇಬೆನ್: ನಿನಗೆ ಆಗ್ಲೇ ಹೇಳಿದ್ನಲ್ಲ, ಅದು ನಿನ್ನ ಹಳೇ ಕಾಫಿ ಪಾತ್ರೆ ದೋಷ.

ಎಸ್ಕಿಲ್: ಅದಕ್ಕೇ ಅದನ್ನ ಎಸೆದು ಹೊಸಾದು ತಂದೆ. ನಮ್ಮ ಬೀದಿಯವರಿಗೂ ಹೇಳ್ದೆ, ಅವರೂ ತಂದ್ರು. ಎಲ್ಲರ ಹೊಸ ಪಾತ್ರೇಲೂ ಅದೇ ರುಚಿ.

ಪ್ರೇಬೆನ್: ಹೊಸ ಪಾತ್ರೆ ಅಲ್ವಾ, ಪಳಗಬೇಕು.

ವಿಬೆಕೆ: ಇವನಿಗೆ ಆ ತೊಂದರೆ ಇಲ್ಲ ಎಸ್ಕಿಲ್. ಎರಡು ದಿನದಿಂದ ಕಾಫಿ ಬಿಟ್ಟಿದ್ದಾನೆ. ಬರೀ ಹಾಲು.

ಪ್ರೇಬೆನ್ ಕೆಮ್ಮಿದ. ಮಾತು ತಿರುಗಿಸಲು ಅವನಿಗೆ ಆ ಕ್ಷಣ ಹೊಳೆದ ಉಪಾಯ ಒಂದೇ. ಎದ್ದು, ಕಿಟಕಿಯಿಂದ ಬಾಟ್ಲಿ ತೆಗೆದು ಕೈಯಲ್ಲಿ ಎತ್ತಿ ಹಿಡಿದು, ಸಂಜೆಯ ಭಾಷಣದ ಧ್ವನಿಯಲ್ಲೇ ಮಾತಾಡಿದ. ಟೋರ್ಲುಂಡಿನ ನೀರು ತಾಯಿಹಾಲಿನಷ್ಟು ಶುದ್ಧವೆಂದ. ತನ್ನ ಕಾಲದಲ್ಲಿ ಅದಕ್ಕೆ ಒಂದು ಹನಿ ಕ್ಲೋರಿನ್ ಬಿದ್ದಿಲ್ಲವೆಂದ. ಇವತ್ತಿನಿಂದ ಈ ಮನೆಯಲ್ಲಿ ಈ ಬಾಟ್ಲಿಗೆ ಕೆಲಸವಿಲ್ಲವೆಂದ.

ವಿಬೆಕೆ ಒಂದು ಗಳಿಗೆ ಗಂಡನನ್ನೇ ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಇವತ್ತು ಯಾಕೋ ಸಾಕೆನ್ನಿಸಿತು.

ವಿಬೆಕೆ: ಆಯ್ತು. ನೀನೇ ಗೆದ್ದೆ. ನೀರು ನೇರ ಹಾಕ್ತೀನಿ, ಎಸ್ಕಿಲ್ ಸಾಕ್ಷಿ.

ಪ್ರೇಬೆನ್: ಎಲ್ಲಿಗೆ?

ವಿಬೆಕೆ: ತೊಟ್ಟಿಗೆ. ಇನ್ನೆಲ್ಲಿಗೆ, ನಿನ್ನ ತಲೆ ಮೇಲಾ?

ಪ್ರೇಬೆನ್: ಈಗ್ಲೇನಾ? ನೀರು ತಣ್ಣಗಿದೆ. ಮರಿಗಳು ಸೆಟೆದುಕೊಂಡು ಬಿಡ್ತಾವೆ.

ವಿಬೆಕೆ: ಬಿಸಿ ಬೆರೆಸಿ ಅಳೆದಿದ್ದೀನಿ. ಒಳಗೂ ಹೊರಗೂ ಒಂದೇ ಬಿಸಿ.

ಪ್ರೇಬೆನ್: ಈಗ ತಾನೇ ಊಟ ಮಾಡಿದ್ದಾವೆ ಪಾಪ.

ವಿಬೆಕೆ: ಅವಕ್ಕಿನ್ನೂ ಬಾಯೇ ಮೂಡಿಲ್ಲ.

ಪ್ರೇಬೆನ್: ಹಾಗಾದ್ರೆ ಬಕೆಟ್ ಅಲ್ಲೇ ಇರಲಿ. ರಾತ್ರಿಯೆಲ್ಲ ಗಾಳಿ ಪಂಪು ಬಿಟ್ಟು ಗುಳುಗುಳು ಅನ್ನಿಸು. ನಾಳೆ ಹಾಕಿದ್ರಾಯ್ತು.

ಎಸ್ಕಿಲ್: ರಾತ್ರಿಯೆಲ್ಲ ಗಾಳಿ ಬಿಟ್ರೆ ಏನು ಹೋಗುತ್ತೆ ಅಧ್ಯಕ್ಷರೇ?

ಪ್ರೇಬೆನ್: ಏನೂ ಹೋಗಲ್ಲ. ಹೋಗೋಕೆ ಇರಬೇಕಲ್ಲ.

ವಿಬೆಕೆ: ಇಲ್ಲ ತಾನೇ?

ಅವಳು ಬಕೆಟ್ ಎತ್ತಿ ತೊಟ್ಟಿಯ ಅಂಚಿಗೆ ಆನಿಸಿದಳು. ಓರೆ ಮಾಡಿದಳು. ತಾಯಿ ಮೀನು ಗಾಜಿನ ಹತ್ತಿರ ಬಂದು ನಿಂತಿತು. ಪ್ರೇಬೆನ್ ಬಾಟ್ಲಿಯನ್ನು ಕಂಕುಳಿಗೆ ಸಿಕ್ಕಿಸಿ ಹಾರಿ ಬಂದು ಎರಡೂ ಕೈಯಿಂದ ಬಕೆಟ್ಟಿನ ಬಾಯಿ ಮುಚ್ಚಿ ಹಿಡಿದ. ತೋಳೆಲ್ಲ ಒದ್ದೆಯಾಯಿತು.

ಪ್ರೇಬೆನ್: ಬೇಡ ವಿಬೆಕೆ. ಹಾಕ್ಬೇಡ. ಸತ್ತು ಹೋಗ್ತಾವೆ.

ಎಸ್ಕಿಲ್ ನಿಧಾನವಾಗಿ ಬಗ್ಗಿ ಬಕೆಟ್ಟಿಗೆ ಮೂಗಿಟ್ಟ.

ಎಸ್ಕಿಲ್: ಅಯ್ಯೋ ಮಾರಾಯ, ಅದೇ ಈಜುಕೊಳ. ಸುಮ್ಮನೆ ಎಸೆದ್ನಲ್ಲ ನನ್ನ ಕಾಫಿ ಪಾತ್ರೆ.

ಆಮೇಲೆ ಎಲ್ಲ ಹೊರಗೆ ಬಂತು. ಪಂಪ್‌ಹೌಸಿನ ಟ್ಯಾಂಕಿನ ಮುಚ್ಚಳ ಬಿರುಕು ಬಿಟ್ಟಿತ್ತು, ಮಳೆ ನೀರು ಇಳಿದಿತ್ತು, ಪರೀಕ್ಷೆಯಲ್ಲಿ ಕ್ರಿಮಿ ಕಂಡಿತ್ತು. ಪ್ರೇಬೆನ್ ಮುಚ್ಚಳ ಸರಿಮಾಡಿಸಿ, ಟ್ಯಾಂಕಿಗೂ ಪೈಪಿಗೂ ಕ್ಲೋರಿನ್ ಹಾಕಿಸಿದ್ದ. ಮನುಷ್ಯರು ಕುಡಿದರೆ ಏನೂ ಆಗುವುದಿಲ್ಲ, ಮೀನಿನ ಕಿವಿರು ಮಾತ್ರ ಸುಟ್ಟುಹೋಗುತ್ತದೆ ಎಂದು ಅವನೇ ವಿವರಿಸಿದ. ಊರಿಗೆ ಹೇಳುವುದನ್ನು ಸಭೆ ಮುಗಿದ ಮೇಲಕ್ಕೆ ಇಟ್ಟುಕೊಂಡಿದ್ದ.

ವಿಬೆಕೆ: ಊರಲ್ಲಿ ಮೀನು ಸಾಕೋಳು ನಾನೊಬ್ಬಳೇನಾ? ಬೇಕರಿಯವರ ಮನೇಲಿದೆ, ಶಾಲೇಲಿದೆ.

ಪ್ರೇಬೆನ್: ಅವರಿಗೆ ನಾಳೆ ಹೇಳ್ತಿದ್ದೆ.

ವಿಬೆಕೆ: ನಾಳೆ ಯಾತಕ್ಕೆ, ಹೂಳೋಕಾ? ನನಗಾದ್ರೂ ಹೇಳಬಹುದಿತ್ತಲ್ಲ.

ಪ್ರೇಬೆನ್: ನಿನ್ನ ಹತ್ರ ಔಷಧಿ ಇತ್ತಲ್ಲ ಅಂತ ಧೈರ್ಯ.

ವಿಬೆಕೆ ಅವನ ಕಂಕುಳಿಂದ ಬಾಟ್ಲಿ ಕಿತ್ತುಕೊಂಡು ಬಕೆಟ್ಟಿಗೆ ಒಂದು ಮುಚ್ಚಳ ಔಷಧಿ ಹಾಕಿ ಚೆನ್ನಾಗಿ ಕಲಕಿದಳು. ಆಮೇಲೆ ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ತೊಟ್ಟಿಗೆ ಬಿಟ್ಟಳು. ಎಲೆಯ ಮೇಲಿನ ಎಳ್ಳುಗಳು ಬಾಲ ಅಲ್ಲಾಡಿಸುತ್ತಲೇ ಇದ್ದವು. ಅದನ್ನು ನೋಡಿದ ಮೇಲೆ ಗಂಡನ ಕಡೆ ತಿರುಗಿದಳು.

ವಿಬೆಕೆ: ಬೇಕರಿಗೂ ಶಾಲೆಗೂ ಈಗ್ಲೇ ಫೋನ್ ಮಾಡು. ಮಿಕ್ಕ ಊರಿಗೆ ಸಭೇಲಿ ನೀನು ಹೇಳ್ತೀಯೋ, ಬನ್ ಹಂಚ್ತಾ ಹಂಚ್ತಾ ನಾನು ಹೇಳ್ಲೋ?

ಅವನೇ ಹೇಳಿದ. ಮಳೆಯಿಂದ ಶುರುಮಾಡಿ, ಮುಚ್ಚಳಗಳ ಗುಣಮಟ್ಟವನ್ನು ಹಾದು, ಕ್ಲೋರಿನ್ನಿಗೆ ಬರುವಷ್ಟರಲ್ಲಿ ಬನ್ ಆರಿಹೋಗಿತ್ತು. ಈ ಸಲ ಅವನ ಹೆಸರು ಓದಿದ ಮೇಲೂ ಕೈ ಮೇಲೇಳಲಿಲ್ಲ. ಎಸ್ಕಿಲ್ ಹಿಗ್ಗಿನಿಂದ ಎದ್ದು ನಿಂತ. ಆದರೆ ಇಡೀ ಬೀದಿ ಒಳ್ಳೊಳ್ಳೆ ಕಾಫಿ ಪಾತ್ರೆಗಳನ್ನು ಕಸಕ್ಕೆ ಹಾಕಿದ್ದು ಇವನ ಮಾತು ಕೇಳಿಯೇ. ಅವನಿಗೂ ಕೈ ಏಳಲಿಲ್ಲ. ಕೊನೆಗೆ ಬೇಕರಿಯ ಹೆಂಗಸು, ತನ್ನ ಮೀನು ಉಳಿದಿದ್ದು ಹೆಂಡತಿ ಗಂಡನಿಂದ ಮಾಡಿಸಿದ ಒಂದು ಫೋನಿನಿಂದ ಎಂದು ಹೇಳಿ, ಮೂಲೆಯಲ್ಲಿ ಕಾಫಿ ಬಗ್ಗಿಸುತ್ತಿದ್ದ ವಿಬೆಕೆಯ ಹೆಸರು ಹೇಳಿದಳು. ವಿಬೆಕೆ ಬೇಡವೆನ್ನುವ ಮೊದಲೇ ಕೈಗಳು ಎದ್ದಿದ್ದವು.

ಬೇಸಿಗೆ ಬಂತು. ಕ್ಲೋರಿನ್ ಎಂದೋ ತೊಳೆದು ಹೋಗಿ, ಟೋರ್ಲುಂಡಿನ ಕಾಫಿ ಮತ್ತೆ ಕಾಫಿಯ ಹಾಗಾಗಿತ್ತು. ಎಳ್ಳಿನಂತಿದ್ದ ಮರಿಗಳಿಗೆ ಈಜುರೆಕ್ಕೆ ಮೂಡಿತ್ತು. ಅಧ್ಯಕ್ಷೆಗೆ ಪಂಪ್‌ಹೌಸಿನ ಕೆಲಸ ತುಂಬ. ಶನಿವಾರದ ಬಕೆಟ್ ಈಗ ಪ್ರೇಬೆನ್ನನ ಪಾಲಿಗೆ ಬಂದಿತ್ತು. ಒಂದು ಶನಿವಾರ ಅವಳು ಮನೆಗೆ ಬಂದಾಗ ಅವನು ಕಿಟಕಿಯ ಹತ್ತಿರ ನಿಂತು ನೀಲಿ ಬಾಟ್ಲಿಯ ಮುಚ್ಚಳ ತಿರುಗಿಸುತ್ತಿದ್ದ.

ವಿಬೆಕೆ: ಅದನ್ನ ಬೀರುವಿನಲ್ಲಿ ಇಟ್ಟಿದ್ನಲ್ಲ, ಮತ್ತೆ ಯಾಕೆ ಕಿಟಕಿಗೆ ತಂದೆ? ರಸ್ತೇಲಿ ಹೋಗೋರು ಏನಂದ್ಕೋತಾರೆ?

ಪ್ರೇಬೆನ್: ಇಲ್ಲಿದ್ರೇನೇ ಕೈಗೆ ಸಿಗೋದು.

ವಿಬೆಕೆ: ನಮ್ಮ ನೀರಲ್ಲಿ ಈಗ ಒಂದು ಹನಿ ಕ್ಲೋರಿನ್ ಇಲ್ಲ. ನಾನೇ ಹೇಳ್ತಾ ಇದ್ದೀನಿ.

ಪ್ರೇಬೆನ್: ಗೊತ್ತು.

ವಿಬೆಕೆ: ಮತ್ತೆ? ನಿನಗೆ ನೀರಿನ ಮೇಲೆ ನಂಬಿಕೆ ಇಲ್ವಾ?

ಪ್ರೇಬೆನ್ ಒಂದು ಮುಚ್ಚಳ ಔಷಧಿಯನ್ನು ಬಕೆಟ್ಟಿಗೆ ಬಗ್ಗಿಸಿ, ಚೆನ್ನಾಗಿ ಕಲಕಿದ.

ಪ್ರೇಬೆನ್: ನೀರಿನ ಮೇಲೇನೋ ಇದೆ. ಆದ್ರೆ ಅಧ್ಯಕ್ಷರನ್ನ ನಾನು ತೀರ ಹತ್ತಿರದಿಂದ ನೋಡಿದ್ದೀನಿ ಕಣೇ.