ತೈಸ್ತೊನ ಹೆಬ್ಬೆರಳಿನ ಸೈನ್ಯ

ದೋಣಿಯ ಹೊಸ ಹುಟ್ಟನ್ನು ಕೆತ್ತಿದವನು ತೈಸ್ತೊನೇ, ಅದರ ಸಿಬಿರು ಚುಚ್ಚಿಸಿಕೊಂಡವನೂ ಅವನೇ. ಮೂರನೆಯ ದಿನಕ್ಕೆ ಹೆಬ್ಬೆರಳು ಬೆಂದ ಆಲೂಗಡ್ಡೆಯಂತೆ ಊದಿತು. ಅವತ್ತೇ ಮಧ್ಯಾಹ್ನ ಸರೋವರದಲ್ಲಿ ಚರ್ಚ್ ದೋಣಿಗಳ, ಅಂದರೆ ಹಿಂದೆ ಊರವರೆಲ್ಲ ಕೂತು ಚರ್ಚಿಗೆ ಹೋಗುತ್ತಿದ್ದ ಉದ್ದನೆಯ ದೋಣಿಗಳ ಪಂದ್ಯ. ಇಪ್ಪತ್ತೆರಡು ವರ್ಷಗಳಿಂದ ಊರ ದೋಣಿಯ ಮೊದಲ ಹುಟ್ಟು ತೈಸ್ತೊನದು. ಆ ಜಾಗ ಬಿಡುವುದೆಂದರೆ ಅವನಿಗೆ ಪ್ರಾಣ ಬಿಟ್ಟಂತೆ.

ಬೆಳಿಗ್ಗೆಯೇ ಪಕ್ಕದ ಮನೆಯ ಹಿಲ್ಯಾ ಪೈನ್ ಮರದ ಟಾರಿನ ಡಬ್ಬಿ ಹಿಡಿದು ಬಂದಳು. "ಇದನ್ನ ಹಚ್ಕೊಂಡು ಸೌನಾ ಕೋಣೆಯ ಬಿಸಿ ಉಗೀಲಿ ಕೂತ್ಕೋ. ಊತ ಇಳಿಯತ್ತೆ."

"ಟಾರು ದೋಣಿಗೆ ಬಳಿ, ಹೋಗು! ನನ್ನ ರಕ್ತದಲ್ಲಿ ಬಿಳಿ ಕಣ ಇವೆ. ಕ್ರಿಮಿ ನುಗ್ಗಿದ್ರೆ ಓಡಿ ಬಂದು ಇಡಿಯಾಗಿ ನುಂಗ್ತಾವೆ. ಊತ ಅಂದ್ರೇನು ಅಂದ್ಕೊಂಡೆ? ಸೈನ್ಯ ಬಂದಿಳಿದಿರೋ ಗುರುತು!"

"ಮತ್ತೆ ಈ ಕೀವು?"

"ಹೋರಾಡಿ ಸತ್ತ ವೀರರು ಕಣೇ. ಸ್ವಲ್ಪ ಮರ್ಯಾದೆ ಕೊಡು."

ದಡದಲ್ಲಿ ದೋಣಿಯ ನಾಯಕಿ ಔನೆ ಕಾದಿದ್ದಳು. ಆಕೆ ನಿವೃತ್ತ ನರ್ಸು. "ಎಲ್ಲಿ, ಬೆರಳು ಮಡಚು."

ಬೆರಳು ಮಡಚಲಿಲ್ಲ.

"ನಿನ್ನ ಜಾಗದಲ್ಲಿ ರೈಮೊ ಕೂರ್ತಾನೆ. ನೀನು ಆಸ್ಪತ್ರೆಗೆ ನಡಿ."

ಅಂಚೆಯವನಾದ ರೈಮೊ ಎಷ್ಟೋ ವರ್ಷಗಳಿಂದ ಆ ಜಾಗದ ಮೇಲೆ ಕಣ್ಣಿಟ್ಟಿದ್ದವನು. ತೈಸ್ತೊ ಕೆಂಡವಾದ. "ಸತ್ರೂ ಹೋಗಲ್ಲ! ಸಿಬಿರು ಚುಚ್ಚಿದ ಮೇಲೆ ಸೈನ್ಯ ಸೇರೋಕೆ ಎರಡು ಮೂರು ದಿನ ಹಿಡಿಯತ್ತೆ, ಅಷ್ಟೇ. ಅಲ್ಲೀವರೆಗೂ ಊತಾನೇ ಇರಲ್ಲ, ಕೈ ನೆಟ್ಟಗೇ ಇರತ್ತೆ. ಇವತ್ತು ಮೂರನೇ ದಿನ, ನನ್ನ ಬಿಳಿ ಕಣ ಗೆದ್ದೇ ಗೆಲ್ತಾವೆ!" ಪಂದ್ಯದ ಹೊತ್ತಿನವರೆಗೂ ಅವನ ಭಾಷಣ ನಿಲ್ಲಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ಹೌದು ಹೌದೆಂದು ತಲೆಯಾಡಿಸಿದವನು ರೈಮೊ.

ಕೊನೆಗೆ ರೈಮೊ ದೋಣಿಯಲ್ಲಿ ಕೂತು, ತೈಸ್ತೊ ಕೆತ್ತಿದ ಹುಟ್ಟನ್ನು ಬಿಗಿಯಾಗಿ ಹಿಡಿದ.

"ಅಯ್ಯೋ! ಸಿಬಿರು!"

ತೈಸ್ತೊನ ಮುಖ ಅರಳಿತು. "ಏಳೋ ಮೇಲೆ! ಕೀವಾಗತ್ತೆ, ಕೈನೇ ಹೋದೀತು! ಆಸ್ಪತ್ರೆಗೆ ಓಡು! ಹಿಲ್ಯಾ, ಆ ಟಾರು ತಾರೇ!"

ರೈಮೊ ಕದಲಲಿಲ್ಲ. "ಯಾಕಪ್ಪಾ, ಬಿಳಿ ಕಣ ನಿನಗೊಬ್ಬನಿಗೇನಾ ಇರೋದು? ಸೈನ್ಯ ಸೇರೋಕೆ ಎರಡು ಮೂರು ದಿನ ಬೇಕು ಅಂದೋನು ನೀನೇ. ಪಂದ್ಯ ಇನ್ನೊಂದು ಗಂಟೇಲಿ ಮುಗಿಯತ್ತೆ."

ಔನೆ ನಗು ತಡೆಯಲಾರದೆ ಚುಕ್ಕಾಣಿ ಹಿಡಿದಳು. ದೋಣಿ ಹೊರಟೇಬಿಟ್ಟಿತು.

ತೈಸ್ತೊ ರೋಷದಿಂದ ದಡದ ಕಂಬಕ್ಕೆ ಗುದ್ದಿದ. ಹೆಬ್ಬೆರಳು ಒಡೆದು, ಕೀವಿನ ಜೊತೆ ಸಿಬಿರೂ ಹೊರಬಂತು. ನೋವು ಮಾಯ! ಬೆರಳು ಮಡಚಿತು, ಬಿಚ್ಚಿತು.

"ಗೆದ್ವಿ! ನೋಡ್ರೋ, ಗೆದ್ವಿ!" ಹೆಬ್ಬೆರಳನ್ನು ಎತ್ತಿ ಹಿಡಿದು ಅವನು ಕೂಗಿದ.

ಹಿಮ್ಮುಖವಾಗಿ ಕೂತು ಹುಟ್ಟು ಹಾಕುತ್ತಿದ್ದವರ ಮುಖ ದಡದ ಕಡೆಗೇ ಇತ್ತು. ರೈಮೊ ತನ್ನ ಹೆಬ್ಬೆರಳನ್ನೂ ಎತ್ತಿ ತೋರಿಸಿದ.

"ದೊಡ್ಡ ಮನಸ್ಸು ಕಣೋ ನಿಂದು, ತೈಸ್ತೊ! ಗೆದ್ದೇ ಬರ್ತೀವಿ!"