ಗೋಪುರ ಹತ್ತಿದ ಪದವೀಧರ

ತಂದೆಯೊಬ್ಬರೇ ಬಂದಿದ್ದರೆ ಇವಾನೊ ಹೇಗೋ ಸಂಭಾಳಿಸುತ್ತಿದ್ದ. ಆದರೆ ಬೆಳಗಿನ ರೈಲಿನಿಂದ ತಂದೆ ಎವಾರಿಸ್ತೊ ಅವರ ಹಿಂದೆಯೇ ಊರಿನ ಕ್ಷೌರಿಕ ನೇವಿಯೊ ಇಳಿದ. ಅವನ ಹಿಂದೆ, ಹುಳಿಯಲ್ಲಿ ನೆನೆಹಾಕಿದ ಹಾವುಮೀನಿನ ಡಬ್ಬಿ ಅಪ್ಪಿಕೊಂಡು ಪಕ್ಕದ ಮನೆಯ ಇರ್ಮಾ ಅತ್ತೆ ಇಳಿದರು. ಮೂವರೂ ತಮ್ಮೂರು ಕೊಮಾಕ್ಯೊದಿಂದ ಒಂದು ದಿನದ ಮಟ್ಟಿಗೆ ಬೊಲೊನ್ಯ ನಗರ ನೋಡಲು ಬಂದಿದ್ದರು. ಬೊಲೊನ್ಯ ಬರೀ ನೆಪ. ಅವರಿಗೆ ನೋಡಬೇಕಾಗಿದ್ದುದು ಹೊಸದಾಗಿ ಕಾನೂನು ಪದವಿ ಪಡೆದ ಇವಾನೊನನ್ನು.

ಪದವಿಯೇ ಬಂದಿರಲಿಲ್ಲ ಎಂಬುದೊಂದೇ ತೊಂದರೆ. ವಸಂತದಲ್ಲಿ ತಂದೆ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಓದು ಮುಗಿಯಿತೇ ಎಂದು ಕೇಳಿದ್ದರು. ನೋವಿನಲ್ಲಿರುವವರಿಗೆ ಇಲ್ಲವೆನ್ನಲು ಬಾಯಿ ಬಾರದೆ ಇವಾನೊ ಹೂಂ ಎಂದುಬಿಟ್ಟ. ಆ ಒಂದು ಹೂಂ ಉಳಿಸಿಕೊಳ್ಳಲು ಪದವಿ ಪಡೆದವರು ತೊಡುವ ಎಲೆಕಿರೀಟವನ್ನು ಗೆಳೆಯನಿಂದ ಕಡ ತಂದು, ತಲೆಗೆ ಇಟ್ಟುಕೊಂಡು ಫೋಟೊ ತೆಗೆಸಿ ಕಳಿಸಿದ. ಅಂದಿನಿಂದ ಊರು ತಂದೆಯನ್ನು ಕರೆಯುವಂತೆಯೇ ಮಗನನ್ನೂ 'ದೊತ್ತೋರೆ' ಎಂದು ಕರೆಯತೊಡಗಿತು. ಪದವೀಧರರಿಗೆ ಅಲ್ಲಿ ಸಲ್ಲುವ ಗೌರವ ಅದು. ನಿಜಕ್ಕೂ ಅವನಿಗೆ ಒಂದು ಪರೀಕ್ಷೆ ಬಾಕಿಯಿತ್ತು, ಅದರಲ್ಲೇ ಮತ್ತೆ ಮತ್ತೆ ಮುಗ್ಗರಿಸಿದ್ದ. ಮುಂದಿನ ಮಂಗಳವಾರ ಕೊನೆಯ ಅವಕಾಶ. ಪಾಸಾದರೆ ಸುಳ್ಳು ತಾನಾಗಿ ನಿಜವಾಗುತ್ತಿತ್ತು. ಪಾಪ, ಅವನಿಗೆ ಬೇಕಾಗಿದ್ದುದು ಅಷ್ಟೇ.

ಆದರೆ ಬೊಲೊನ್ಯದಲ್ಲಿ ಓದುವವರಿಗೆ ಕೆಲವು ಕಟ್ಟುಪಾಡುಗಳಿವೆ. ಓದು ಮುಗಿಯದವನು ದೊಡ್ಡ ಚೌಕದ ನಟ್ಟನಡುವೆ ಹಾದುಹೋಗಬಾರದು. ಅಸಿನೆಲ್ಲಿ ಗೋಪುರವನ್ನಂತೂ ಹತ್ತಲೇಬಾರದು. ಹತ್ತಿದವನಿಗೆ ಈ ಜನ್ಮದಲ್ಲಿ ಪದವಿಯಿಲ್ಲ. ಇದನ್ನು ಕೇಳಿ ನಗುವ ಪ್ರೊಫೆಸರುಗಳೂ ತಮ್ಮ ಕಾಲದಲ್ಲಿ ಬಳಸು ದಾರಿ ಹಿಡಿದವರೇ.

ಹಾಗಾಗಿ ಚೌಕದಲ್ಲಿ ನೇವಿಯೊ ಮತ್ತು ಅತ್ತೆ ನೆಟ್ಟಗೆ ನಡೆದರೆ, ಇವಾನೊ ಅಂಚಿನ ಕಮಾನುಗಳ ಕೆಳಗೆ ಸುತ್ತು ಹಾಕಿಕೊಂಡು ಹೋದ. ತಂದೆಯೂ ಕೋಲೂರುತ್ತ ಅವನ ಜೊತೆಗೇ ಬಂದರು.

"ಏನ್ ದೊತ್ತೋರೆ, ನೆಲ ಸುಡ್ತಿದ್ಯಾ?" ಎಂದು ನೇವಿಯೊ ಕೇಳಿದ.

ನೆರಳಿಗೆ ಬಂದೆ ಎಂದು ಇವಾನೊ ಉತ್ತರಿಸಿದ. ಆಕಾಶದ ತುಂಬ ಮೋಡ ಕವಿದಿತ್ತು.

ಮಧ್ಯಾಹ್ನ ಸಾರಿನಲ್ಲಿ ತೇಲುವ ತೊರ್ತೆಲ್ಲಿನಿ ಕಡುಬು ತಿನ್ನುತ್ತಿರುವಾಗ ಇರ್ಮಾ ಅತ್ತೆ ಚಮಚ ಕೆಳಗಿಟ್ಟರು. ಅವರ ತಂಗಿಯ ಮಗನೂ ಇಲ್ಲೇ ಓದಿದವನು. ಪದವಿ ಸಿಕ್ಕ ದಿನವೇ ಗೋಪುರ ಹತ್ತಿ ಕೇಕೆ ಹಾಕಿದ್ದನಂತೆ. ಇವಾನೊ ಯಾವಾಗ ಹತ್ತಿದ ಎಂದು ವಿಚಾರಿಸಿದರು. ಅಪ್ಪ ಬರಲಿ ಎಂದು ಕಾಯುತ್ತಿದ್ದೆ ಎಂದ ಇವಾನೊ. ತಮ್ಮ ಗುಂಡಿಯನ್ನು ಇಷ್ಟು ಅಚ್ಚುಕಟ್ಟಾಗಿ ತಾವೇ ತೋಡಿಕೊಂಡವರು ಕಡಿಮೆ.

"ಮತ್ತಿನ್ನೇನು, ಇವತ್ತೇ ಹತ್ತೋಣ," ಎಂದು ನೇವಿಯೊ ಬಾಯಿ ಒರೆಸಿಕೊಂಡ.

"ಬಲವಂತ ಬೇಡಪ್ಪ," ಎಂದರು ಎವಾರಿಸ್ತೊ ಮೆಲ್ಲಗೆ. "ಅವನಿಗೆ ಇಷ್ಟ ಇಲ್ದಿದ್ರೆ ಬಿಟ್ಬಿಡಿ."

ತಂದೆಗೆ ಅನುಮಾನ ಬಂದಿದೆಯೆಂದು ಹೆದರಿ ಇವಾನೊ ಎಲ್ಲರಿಗಿಂತ ಮೊದಲು ಎದ್ದು ನಿಂತ.

ಗೋಪುರದ ಬುಡದಲ್ಲಿ ಅವನು ಹೊಟ್ಟೆನೋವೆಂದ. ಅತ್ತೆಯ ಚೀಲದಲ್ಲಿ ಮಾತ್ರೆಯಿತ್ತು. ತಲೆ ಸುತ್ತುತ್ತದೆಂದ, ಹಿಂದಿನಿಂದ ಹಿಡಿದುಕೊಳ್ಳುತ್ತೇನೆಂದು ನೇವಿಯೊ ಅಂಗಿಯ ತೋಳು ಮಡಿಸಿದ. ತಂದೆ ಮುರಿದ ಕಾಲಿನ ನೆಪ ಹೇಳಿ ಕಲ್ಲಿನ ಕಟ್ಟೆಯ ಮೇಲೆ ಕುಳಿತರು. ಅಲ್ಲಿಂದಲೇ ಮಗನ ಮುಖವನ್ನು ಬಹಳ ಹೊತ್ತು ನೋಡಿದರು.

"ಏನಾದ್ರೂ ಹೇಳೋದಿದ್ಯೇನೋ?"

"ಏನೂ ಇಲ್ಲಪ್ಪ," ಎಂದು ಇವಾನೊ ಒಳಗೆ ಕಾಲಿಟ್ಟ.

ಸವೆದ ಮರದ ಮೆಟ್ಟಿಲುಗಳು. ಅತ್ತೆ ಮೊದಲನೆಯ ತಿರುವಿನಲ್ಲೇ ಕುಸಿದು ಕುಳಿತರು. ನೇವಿಯೊ ಮಾತ್ರ ಪೊಲೀಸನಂತೆ ಬೆನ್ನು ಬಿಡಲಿಲ್ಲ. ಇವಾನೊ ಮನಸ್ಸಿನಲ್ಲೇ ಕರಿಕೋಟಿಗೆ ವಿದಾಯ ಹೇಳಿದ, ಕೋರ್ಟಿಗೆ ಹೇಳಿದ, ಮಂಗಳವಾರಕ್ಕೆ ಹೇಳಿದ. ತುದಿ ತಲುಪಿದಾಗ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಏನನ್ನೂ ನೋಡದಿದ್ದರೆ ಹತ್ತಿದ ಲೆಕ್ಕಕ್ಕೆ ಬಾರದೇನೋ ಎಂಬ ಆಸೆ. ನೇವಿಯೊ ಅವನ ಭುಜ ತಟ್ಟಿ, ನಿನ್ನ ಮೇಲೆ ಅನುಮಾನ ಪಟ್ಟಿದ್ದು ತಪ್ಪಾಯಿತು ಎಂದ.

ಇಳಿಯುವಾಗ ಅತ್ತೆಯನ್ನು ಎಬ್ಬಿಸಲು ನೇವಿಯೊ ಹಿಂದುಳಿದ. ಇವಾನೊ ಒಬ್ಬನೇ ಹೊರಬಂದ. ತಂದೆಯ ಕಣ್ಣು ಒದ್ದೆಯಾಗಿತ್ತು.

"ಕೂತ್ಕೊ," ಎಂದರು. "ನಾನು ಈ ಗೋಪುರ ಯಾವತ್ತೂ ಹತ್ತಿಲ್ಲ ಕಣೋ. ಯುದ್ಧ ಬಂತು, ನಂದೊಂದು ಪರೀಕ್ಷೆ ಉಳ್ಕೊಂಡ್ಬಿಡ್ತು. ಊರಿಗೆ ವಾಪಸ್ ಬಂದಾಗ ಸ್ಟೇಷನ್ನಲ್ಲಿ ಯಾರೋ ದೊತ್ತೋರೆ ಅಂದ್ರು. ಅಲ್ಲ ಅನ್ನೋಕೆ ಒಂದು ಗಳಿಗೆ ತಡ ಮಾಡ್ದೆ. ಆಮೇಲೆ ಹೇಳೋಕೆ ಆಗ್ಲೇ ಇಲ್ಲ."

ಇವಾನೊ ತಂದೆಯ ಪಕ್ಕ ಕಟ್ಟೆಯ ಮೇಲೆ ಕುಳಿತುಬಿಟ್ಟ.

"ನೀನೂ ನನ್ನ ಹಾಗೇನೋ ಅಂತ ಭಯ ಇತ್ತು. ಹತ್ತಲ್ಲ ಅಂದಿದ್ರೆ ನಿನ್ನ ಪಕ್ಕ ನಿಂತು ಇಬ್ಬರದ್ದೂ ಹೇಳಿಬಿಡೋಣ ಅಂತಾನೇ ಬಂದಿದ್ದೆ. ನೀನು ಹತ್ತಿದೆ. ಸಾಕು ಬಿಡು, ಸುಳ್ಳು ನನ್ನ ಜೊತೆಗೇ ಮುಗೀತು."

ನಿಜ ಹೇಳಲು ಇವಾನೊ ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲಿನಿಂದ ಅತ್ತೆ ಹೊರಬಂದು, ಊರಿಗೆಲ್ಲ ಸಾರುತ್ತೇನೆಂದು ಅವನ ಎರಡೂ ಕೆನ್ನೆಗೆ ಮುತ್ತಿಟ್ಟರು. ಅತ್ತೆಯ ಹಿಡಿತದಿಂದ ಬಿಡಿಸಿಕೊಳ್ಳುವಷ್ಟರಲ್ಲಿ ನೇವಿಯೊನೂ ಬಂದು ನಿಂತ.

ಎವಾರಿಸ್ತೊ ಕತ್ತೆತ್ತಿ ಗೋಪುರದ ತುದಿಯನ್ನು ನೋಡುತ್ತಿದ್ದರು.

"ಮೇಲಿಂದ ಏನೇನು ಕಾಣುತ್ತೋ ಮಗಾ?"

"ಎಲ್ಲಾ ಕಾಣುತ್ತಪ್ಪ," ಎಂದ ಇವಾನೊ. "ನಮ್ಮೂರೂ ಕಾಣುತ್ತೆ."